ಮೀನಿಗೆ ಸೂಜಿ ಮಾಡಿ ಮಾನ ಕಳಕೊಂಡದ್ದು

ದನದ ಡಾಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ನಾಚಿಕೆಪಡುವ ಪ್ರಸಂಗಗಳು ಕಡಿಮೆಯಾದಾವು ಅಂದುಕೊಂಡಿದ್ದೆ. ಎಲ್ಲಿ! ಮನೆ ಹುಡುಕಿಕೊಂಡು ಬರುತ್ತವೆ. ಈ ಸಲ ಬಂದದ್ದು ಸ್ಟೀಲ್ ಡಬ್ಬಿಯಲ್ಲಿ.

೧. ಒಳ್ಳೆಯ ಕ್ರಿಮಿ

ಬನಹಟ್ಟಿಯ ನೇಕಾರ ಗೆಳೆಯನೊಬ್ಬ ತನ್ನ ಬಂಗಾರದ ಮೀನನ್ನು ಜಮಖಂಡಿಗೆ, ನಮ್ಮ ಮನೆಗೆ ತಂದ. ಬೆನ್ನ ಮೇಲೆ ಗಡ್ಡೆ. ಅದು ಕರಗಲೆಂದು, ತನ್ನ ಕೆಮ್ಮಿಗೆ ತಂದು ಉಳಿದಿದ್ದ ಆಂಟಿಬಯಾಟಿಕ್ ಗುಳಿಗೆಗಳನ್ನೆಲ್ಲ ಗಾಜಿನ ತೊಟ್ಟಿಗೆ ಸುರಿದಿದ್ದನಂತೆ. ನೀರು ನಾರತೊಡಗಿತ್ತು.

“ಲೇ, ನೀರು ಸ್ವಚ್ಛ ಇಡೋ ಒಳ್ಳೇ ಕ್ರಿಮಿನೂ ಸತ್ತು ಹೋದ್ವಲ್ಲೋ!”

“ಕ್ರಿಮಿಯೊಳಗೂ ಒಳ್ಳೇವು ಇರ್ತಾವೇನ್ರಿ? ಹಂಗಿದ್ರ ನಮ್ಮ ಅಳ್ಯಾನ ಮ್ಯಾಲೂ ಆಸೆ ಬಿಡಬಾರ್ದು ಬಿಡ್ರಿ.”

೨. ತೂಕ

ಗಡ್ಡೆ ಕೊಯ್ಯುವ ಮೊದಲು ಒಂದೇ ಒಂದು ಆಂಟಿಬಯಾಟಿಕ್ ಸೂಜಿ ಸಾಕು, ಆದರೆ ತೂಕ ನೋಡಿಯೇ ಮಾಡಬೇಕು. ಎಮ್ಮೆಯಾದರೆ ಕಣ್ಣಳತೆಯಲ್ಲೇ ಮುಗಿಸುತ್ತಿದ್ದೆ. ಅಂಗೈಯಷ್ಟು ಮೀನಿಗೆ? ಅಕ್ಕಸಾಲಿಗ ತಕ್ಕಡಿ ಮುಟ್ಟಗೊಡಲಿಲ್ಲ. ಕೊನೆಗೆ ಮೀನಿನ ಪ್ಯಾಟಿಗೇ ಹೋದೆ. ಗಲಗಲಿಯ ಹೊಳೆಮೀನು ಮಾರುವಾಕೆ ನನ್ನ ಮೀನನ್ನು ಒದ್ದೆ ಬಟ್ಟೆಯಲ್ಲಿ ತೂಗಿ, ಮರುಕದಿಂದ ನೋಡಿದಳು.

“ಯಾರ್ರೀ ಸಾಹೇಬ್ರ, ನಿಮಗಿದನ್ನ ಮಾರಿದವ್ರು? ಎರಡ ತುತ್ತಿಗೂ ಸಾಲೂದಿಲ್ಲ.”

ನಗುತ್ತ ತಿರುಗಿದರೆ, ಆಟೋದಲ್ಲಿ ನಮ್ಮ ಓಣಿಯ ಹಿರಿಯರು! ನಮ್ಮದು ಮೀನಿನ ಹೆಸರೆತ್ತದ ಶೈವರ ಓಣಿ. ಸೋಮವಾರ ಗುಡಿಯ ಪ್ರಸಾದದ ಅಡುಗೆ ನಮ್ಮ ಮನೆಯದು. ನನ್ನ ಹೆಂಡತಿಗೆ ಅದೇ ಜೀವ. ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿ, ತಲೆ ತಗ್ಗಿಸಿ ನಮಸ್ಕಾರ ಅಂದೆ. ಮೀನು ಆಗಲೇ ಪಟಪಟ ಬಡಿಯಬೇಕೇ!

೩. ಲವಂಗ

ಮೀನಿಗೆ ಮಂಪರು ಬರಿಸಲು ನೀರಿಗೆ ಲವಂಗದ ಎಣ್ಣೆ ಹಾಕುತ್ತಾರೆ. ಹಿತ್ತಲಲ್ಲಿ ಕೂತು ಹಾಕಿದೆ, ಸೂಜಿ ಮಾಡಿದೆ, ಗಡ್ಡೆ ತೆಗೆದು ಹೊಲಿದೆ. ತಿಳಿನೀರಿಗೆ ಬಿಟ್ಟಾಗ ಮೀನು ಮೆಲ್ಲಗೆ ಬಾಲ ಆಡಿಸಿತು. “ಬರೇ ಒಂದ ಸೂಜೇನ್ರಿ? ನಾಕ ಗುಳಿಗಿನೂ ಕೊಡ್ರಿ” ಎಂದು ನೇಕಾರ ಕಾಡುತ್ತಲೇ ಇದ್ದ.

ಅಷ್ಟರಲ್ಲಿ ಲವಂಗದ ಘಮ ಓಣಿ ತುಂಬಿ, ಹಿರಿಯರು ಬಾಗಿಲಿಗೆ ಬಂದು ನನ್ನ ಹೆಂಡತಿಯನ್ನು ಕರೆದರು.

“ತಂಗಿ, ಸೋಮವಾರದ ಅಡಗಿ ಬ್ಯಾರೆ ಮನಿಗೆ ಕೊಡೂನು. ಪ್ಯಾಟ್ಯಾಗ ಕಣ್ಣಾರೆ ನೋಡೇನಿ, ಈಗ ಮಸಾಲಿ ವಾಸನಿನೂ ಬಂತು.”

ನನ್ನ ಹೆಂಡತಿ ಕೆರಳಿದಳು. “ಶಿವನಾಣಿ ಮಾಡಿ ಹೇಳ್ತೇನ್ರಿ, ನಮ್ಮವರು ತಿನ್ನಾಂಗಿಲ್ಲ! ಲವಂಗ ಹಾಕ್ತಾರ, ಕೊಯ್ತಾರ, ಹೊಲೀತಾರ, ಮತ್ತ ನೀರಿಗೆ ಬಿಡ್ತಾರ. ಅಷ್ಟರಿ!”

ಗಾಬರಿಯಿಂದ ಕೈಯಲ್ಲಿ ಕತ್ತರಿ ಹಿಡಿದೇ ಓಡಿ ಬಂದೆ. ಹಿರಿಯರು ಕತ್ತರಿ ನೋಡಿದರು, ನನ್ನ ಮುಖ ನೋಡಿದರು.

“ತಿಂದಿದ್ರ ಅದಕ್ಕ ಪ್ರಾಯಶ್ಚಿತ್ತ ಐತ್ರಿ ಸಾಹೇಬ್ರ. ಇದಕ್ಕೇನ್ ಮಾಡೂದು?”