ಗಜೇಂದ್ರಗಡದ ಪಡಸಾಲೆಗೆ ಸೌಂಡು ಕೂರಿಸಿದ್ದು

ನಾನು ಮನೆಗಳಿಗೆ ಸೌಂಡ್ ಸಿಸ್ಟಮ್ ಕೂರಿಸುತ್ತೇನೆ. ಕಲಿಸಿದವರು ಯಾರೂ ಇಲ್ಲ, ಓದಿಯೇ ಕಲಿತೆ. ರೋಣ, ನರಗುಂದ, ಗಜೇಂದ್ರಗಡ, ಊರು ಯಾವುದೇ ಇರಲಿ, ನಾನು ಬೆನ್ನು ತಿರುಗಿಸುವುದೇ ತಡ, ನಾನು ಜೋಡಿಸಿದ್ದಕ್ಕೆ ಯಾರಾದರೂ ಕೈ ಹಾಕುತ್ತಾರೆ. ಗಜೇಂದ್ರಗಡದ ಒಬ್ಬ ಕಾಳುಕಡಿ ವ್ಯಾಪಾರಿಯ ಪಡಸಾಲೆಯಲ್ಲಂತೂ ಮನೆಮಂದಿಯೆಲ್ಲ ಪಾಳಿ ಹಚ್ಚಿ ಕೈ ಹಾಕಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ವ್ಯಾಪಾರಿಯ ತಂದೆ, ಮನೆಯ ಹಿರಿಯಜ್ಜ, ಕೇಳಿ ‘ಚಲೋ’ ಅನ್ನಬೇಕಿತ್ತು. ಅವರು ‘ಕೆಟ್ಟೈತಿ’ ಅಂದರೆ ಆ ಪೇಟೆಯಲ್ಲಿ ಇನ್ನೊಂದು ಮನೆಯವರು ನನ್ನನ್ನು ಕರೆಯುವುದಿಲ್ಲ.

ದೀಪದ ಪೆಟ್ಟಿಗೆ

ಹಾಡು ಪ್ಲೇಯರಿನಿಂದ ಅಂಕಿಗಳಾಗಿ ಹೊರಟರೆ ಸ್ಪೀಕರಿನ ಹತ್ತಿರದ ತನಕ ಅಂಕಿಗಳಾಗಿಯೇ ಹೋಗಬೇಕು. ಅದಕ್ಕೇ ಡಿಜಿಟಲ್ ವೈರು ಹಾಕಿದ್ದೆ. ಮರುದಿನ ನೋಡಿದರೆ ವ್ಯಾಪಾರಿಯ ಅಳಿಯ ನಡುವೆ ಒಂದು ಹಳೇ ಆಂಪ್ಲಿಫೈಯರ್ ತೂರಿಸಿದ್ದಾನೆ. ಅಂಕಿ ದನಿಯಾಗಿ, ದನಿ ಮತ್ತೆ ಅಂಕಿಯಾಗಿ, ಝೆರಾಕ್ಸಿನ ಝೆರಾಕ್ಸ್ ತೆಗೆದ ಹಾಗೆ ಹಾಡು ಮಸುಕಾಗಿತ್ತು.

“ದಮ್ ಬರ್ಲಿ ಅಂತ ಹಾಕೇನ್ರಿ, ಅಕ್ಕಾರ.”

“ಇದ್ದ ದಮ್ಮೂ ಹೋತು. ತಗೀರಿ.”

“ವೈರ್ ತಗೀರಿ, ಪೆಟಗಿ ಇರ್ಲಿ. ದೀಪ ಚಂದ ಹತ್ತತಾವ.”

ಹಲ್ಲು ಕಚ್ಚಿ ಹಾಡಿನ ವೈರಷ್ಟೇ ಕಿತ್ತು ಮೊದಲಿನಂತೆ ಜೋಡಿಸಿದೆ; ಪೆಟ್ಟಿಗೆಗೆ ಕರೆಂಟು ಮಾತ್ರ ಬಿಟ್ಟೆ. ಸಂಜೆ ಬೀಗರು ಬಂದು, ಯಾವುದಕ್ಕೂ ಸಂಬಂಧವಿಲ್ಲದ ಆ ಪೆಟ್ಟಿಗೆಯನ್ನೇ ಸವರಿ, “ಸೌಂಡ್ ಅಂದ್ರ ಇದು” ಎಂದರು.

ಮೈಗಳ್ಳ ಸ್ಪೀಕರ್

ಕ್ರಾಸ್‌ಓವರ್ ಅಂದರೆ ಕೆಲಸದ ಹಂಚಿಕೆ. ದಪ್ಪ ದನಿ ದೊಡ್ಡ ಸ್ಪೀಕರಿಗೆ, ತೆಳು ದನಿ ಸಣ್ಣದಕ್ಕೆ. ವ್ಯಾಪಾರಿ ಒಂದೊಂದಕ್ಕೂ ಕಿವಿ ಹಚ್ಚಿ, ಸಣ್ಣದು ಮೈಗಳ್ಳ ಎಂದು ತೀರ್ಮಾನಿಸಿ, ಸೆಟ್ಟಿಂಗ್ ಬದಲಿಸಿ ಅದಕ್ಕೂ ದಪ್ಪ ದನಿ ಹೊರಿಸಿದರು. ಅದು ಅವತ್ತೇ ಸುಟ್ಟುಹೋಯಿತು. ಹೊಸದನ್ನು ಕೂರಿಸುತ್ತಾ ಕೇಳಿದೆ:

“ಸಾವ್ಕಾರ್ರ, ನಿಮ್ಮ ಅಂಗಡ್ಯಾಗ ಹಮಾಲರ ಚೀಲ ಗುಮಾಸ್ತನ ಕಡಿಂದ ಹೊರಸ್ತೀರೇನು?”

“ಸುಗ್ಗ್ಯಾಗ ಹೊರಸ್ತೀನ್ರಿ.”

ಅಜ್ಜನ ಗಾದಿ

ಕೊನೆಯ ಕೆಲಸ, ಕೋಣೆಗೆ ತಕ್ಕಂತೆ ದನಿ ತಿದ್ದುವುದು. ಕೇಳುವವರು ಕೂರುವಲ್ಲಿ ಮೈಕ್ ಇಟ್ಟರೆ ಯಂತ್ರ ಸ್ಪೀಕರಿನಿಂದ ಕೂಗು ಹಾಕಿ, ಅದು ಮೈಕಿಗೆ ಹೇಗೆ ಕೇಳಿತೆಂದು ಅಳೆದು, ಆ ಜಾಗಕ್ಕೆ ದನಿ ಹೊಂದಿಸುತ್ತದೆ. ಅಜ್ಜನ ಗಾದಿಯ ಮೇಲೆ ಮೈಕ್ ನಿಲ್ಲಿಸಿ, ಸದ್ದಾಗದಿರಲೆಂದು ಎಲ್ಲರನ್ನೂ ಪಡಸಾಲೆಯಿಂದ ಆಚೆ ಕಳಿಸಿ, ನಾನೂ ಅಂಗಳಕ್ಕೆ ಹೋಗಿ ಫೋನಿನಿಂದ ಶುರು ಮಾಡಿದೆ. ಮುಗಿದ ಮೇಲೆ ಅಜ್ಜ ಬಂದು ಕೂತು, ಒಂದು ಹಾಡು ಕೇಳಿ, “ಕೆಟ್ಟೈತಿ” ಎಂದರು.

ಸುತ್ತ ನೋಡಿದರೆ ಮೈಕ್ ಚಪ್ಪಲಿ ಬಿಡುವ ಮೂಲೆಯಲ್ಲಿದೆ. ನಾನು ಅಂಗಳಕ್ಕೆ ಹೋದೊಡನೆ ವ್ಯಾಪಾರಿಯ ಹೆಂಡತಿ ಅಡುಗೆಮನೆಯಿಂದ ಬಂದು ಸರಿಸಿದ್ದರು.

“ಮಾವಾರ ಗಾದಿ ಮ್ಯಾಲ ಯಾರೂ ಕುಂಡ್ರಂಗಿಲ್ರಿ.”

ಇಡೀ ಮನೆಯಲ್ಲಿ ಹಾಡು ಚೆನ್ನಾಗಿ ಕೇಳುತ್ತಿದ್ದುದು ಚಪ್ಪಲಿಗಳಿಗೆ ಮಾತ್ರ.

“ಅಜ್ಜಾರ, ಐದು ನಿಮಿಷ ಏಳ್ರಿ. ಮೈಕ್ ಇಡಬೇಕು.”

“ನಾ ಎದ್ರೂ ಅಲ್ಲಿ ಮೈಕ್ ಕುಂಡ್ರಂಗಿಲ್ಲ.”

“ಹಂಗಾರ ನೀವ ಕುಂತಿರ್ರಿ” ಎಂದು ಮೈಕನ್ನು ಅವರ ತಲೆಯ ರುಮಾಲಿಗೇ ಸಿಕ್ಕಿಸಿದೆ. “ಅಳತಿ ಮುಗಿಯೂತನಾ ಪಿಟ್ ಅನ್ನಬ್ಯಾಡ್ರಿ. ಅಂದ್ರ ಮತ್ತ ಮೊದಲಿಂದ.”

ಅಜ್ಜ ತುಟಿ ಬಿಗಿಹಿಡಿದು ಕೂತರು. ಯಂತ್ರ ಕೂಗಿ ಕೂಗಿ ಮುಗಿಸಿತು. ಅದೇ ಹಾಡು ಹಚ್ಚಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿ, “ಚಲೋ ಐತಿ” ಎಂದರು.

ಮೈಕ್ ಬಿಚ್ಚಲು ಕೈ ಚಾಚಿದೆ. ಬಾಗಿಲಲ್ಲಿ ನಿಂತಿದ್ದ ಅಜ್ಜಿ ತಡೆದರು:

“ಬಿಚ್ಚಬ್ಯಾಡ ಯವ್ವಾ, ಇರ್ಲಿ. ಲಗ್ನ ಆದಾಗಿಂದ ಇವ್ರು ಇಷ್ಟೊತ್ತು ಬಾಯಿ ಮುಚ್ಚಿದ್ದು ಇವತ್ತ ನೋಡಿದೆ.”