ಕೋವಿಯ ಹಣೆಗೊಂದು ಬೊಟ್ಟು

ನಮ್ಮಳಿಯನ ಕೋವಿಗೆ ಕಾಡುಕೋಣವೂ ಉರುಳುತ್ತದಂತೆ. ಇವನ ಕೈಯಲ್ಲಿ ಇವತ್ತಿನವರೆಗೆ ಸತ್ತದ್ದು ಕಾಗದ ಮಾತ್ರ!

ಐರ್ಲೆಂಡಿನ ಲಿಮೆರಿಕ್ ಅನ್ನೋ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು. ಬಚ್ಚಲಲ್ಲಿ ಜೇಡ ಕಂಡರೆ ಲೋಟ ಮುಚ್ಚಿ, ಹೊತ್ತುಕೊಂಡು ಹೋಗಿ ಹಿತ್ತಲಲ್ಲಿ ಬಿಟ್ಟು ಬರುವ ಪ್ರಾಣಿ. ಅಂಥವನಿಗೆ ಕೋವಿ ಯಾಕೆ, ನೀವೇ ಹೇಳಿ? ಅದೂ ಎಂಥದ್ದು! ತೋಟಾ ನನ್ನ ಹೆಬ್ಬೆರಳಿನಷ್ಟಿದೆ. ಕೆಳಗೊಂದು ಕಬ್ಬಿಣದ ಹಿಡಿ. ಬೋರ್‌ವೆಲ್ ಕೈಪಂಪಿನಂತೆ ಅದನ್ನು ಕೆಳಕ್ಕೆಳೆದು ಮೇಲಕ್ಕೊತ್ತಿದರೆ ಹಳೇ ತೋಟಾ ಹಾರಿ ಹೊಸದು ಒಳಗೆ ಕೂರುತ್ತದೆ. ಅದು ಮಲಗುವುದು ಗೋಡೆಗೆ ಬಿಗಿದ ಉಕ್ಕಿನ ಬೀರುವಿನಲ್ಲಿ. ನನ್ನ ಮಗಳ ಒಡವೆ ಮಾತ್ರ ಕಾಲುಚೀಲದ ಡ್ರಾಯರಿನಲ್ಲಿ!

ಶನಿವಾರ ಬಂತೆಂದರೆ ಊರಾಚೆಯ ಗುರಿಮೈದಾನಕ್ಕೆ ಹೋಗಿ ಬಲಭುಜ ನೀಲಿ ಮಾಡಿಕೊಂಡು ಬರುತ್ತಾನೆ. ಎಣ್ಣೆ ತಿಕ್ಕುವವಳು ನಾನು.

"ಏನಪ್ಪಾ, ಕೈ ಎತ್ತಕ್ಕೂ ಆಗ್ತಿಲ್ವಲ್ಲೋ!"

"ಗ್ರ್ಯಾಂಡ್ ಆಗೈತೆ ಅತ್ತೆ. ಕೋವಿ ಒದೆತದಲ್ಲೇ ಮಜಾ ಇರೋದು."

"ಒದೆ ತಿನ್ನಕ್ಕೆ ಅಷ್ಟು ದೂರ ಯಾಕೆ ಹೋಗ್ತೀರಿ? ನಂಗೆ ಹೇಳಿದ್ರೆ ಮನೇಲೇ ಕೊಡ್ತಿದ್ನಲ್ಲ!" ಎಂದಳು ಮಗಳು.

ಅವನಿಗಿದ್ದ ಆಸೆ ಒಂದೇ. ಕ್ಲಬ್ಬಿನ ವಾರ್ಷಿಕ ಪಂದ್ಯದಲ್ಲಿ ಒಮ್ಮೆಯಾದರೂ ಗೆಲ್ಲಬೇಕು. ಅದಕ್ಕಾಗಿ ನೆಲ ಒರೆಸುವ ಕೋಲನ್ನು ಭುಜಕ್ಕಿಟ್ಟು ಫ್ರಿಜ್ಜಿನ ಮೇಲಿನ ನಿಂಬೆಹಣ್ಣಿಗೆ ಗುರಿ ಹಿಡಿದದ್ದೇ ಹಿಡಿದದ್ದು! ಸಾರಿಗೆ ಹಿಂಡಲು ನಿಂಬೆಹಣ್ಣು ಬೇಕಾದರೆ ನಾನು ಅವನ ಅಪ್ಪಣೆ ಕೇಳಬೇಕಿತ್ತು.

ಪಂದ್ಯದ ಹಿಂದಿನ ದಿನವೇ ಆಯುಧಪೂಜೆ ಬಂತು. ನಾನು ಈ ದೇಶಕ್ಕೆ ಬಂದ ಮೇಲೆ ಮೊದಲನೆಯದು. ಕಾರಿಗೆ ಅರಿಶಿನ, ಮಿಕ್ಸಿಗೆ ಹೂವು ಆಯಿತು. ನಿಜವಾದ ಆಯುಧವೇ ಬೀರುವಿನಲ್ಲಿ ಕೂತರೆ ಪೂಜೆಗೆ ಅರ್ಥವೇನು? ತೆಗೆಸಿದೆ. ಅಳಿಯ ಒಳಗೆ ತೋಟಾ ಇಲ್ಲವೆಂದು ತೋರಿಸಿ, ನಾಮಕರಣದ ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ನಿಂತ. ನಳಿಗೆಯ ತುದಿಯಲ್ಲೊಂದು ಪುಟ್ಟ ಮೊಳೆಯಂಥದ್ದು ತಲೆಯೆತ್ತಿತ್ತು. ಅದೇ ಹಣೆಯಿರಬೇಕೆಂದು ಧಾರಾಳವಾಗಿ ಗಂಧ ಮೆತ್ತಿ ಕುಂಕುಮ ಒತ್ತಿದೆ. ಅಳಿಯ ಅದನ್ನು ಹಾಗೇ ಜೋಪಾನವಾಗಿ ಬೀರುವಿಗೆ ಸೇರಿಸಿದ.

ಮರುದಿನ ಪಂದ್ಯಕ್ಕೆ ನಾವೂ ಹೋದೆವು. ಕಿವಿಗೆ ಬಟ್ಟಲಿನಂಥದ್ದು ಹಾಕಿದ್ದರೂ ಆ ಸದ್ದಿಗೆ ನನ್ನ ಕಟ್ಟಿಸಿದ ಹಲ್ಲು ಅಲ್ಲಾಡಿತು! ಆದರೆ ಗುಂಡುಗಳೆಲ್ಲ ಕರಿ ವೃತ್ತದ ಕೆಳಗೇ ಬಿದ್ದವು. ಮೈದಾನ ನೋಡಿಕೊಳ್ಳುವ ಐರಿಶ್ ಮುದುಕ ಕೋವಿಯ ತುದಿ ಕಂಡು ನಕ್ಕು ಕರ್ಚೀಫು ಚಾಚಿದ. ಅಳಿಯ ಬೇಡವೆಂದು ತಲೆಯಾಡಿಸಿದ. ಸೋತ. ಎಲ್ಲರಿಗಿಂತ ಕೊನೆ!

ವಾಪಸು ಬರುವಾಗ ಕಾರಿನಲ್ಲಿ ಮಗಳು ಬಿಡಿಸಿ ಹೇಳಿದಳು. ಆ ಮೊಳೆ ಗುರಿ ನೋಡುವುದಕ್ಕೆ ಇರುವುದಂತೆ. ನನ್ನ ಗಂಧ ಅದರ ಮೇಲೆ ಒಣಗಿ ಗಡ್ಡೆ ಕಟ್ಟಿ, ಗುರಿಯೇ ಕೆಳಕ್ಕಿಳಿಯಿತಂತೆ.

ನನಗೆ ಸಿಟ್ಟು ಬಂತು. "ಒರೆಸ್ಕೊಳಕ್ಕೆ ಏನಾಗಿತ್ತೋ ನಿಂಗೆ ದೊಡ್ಡ ರೋಗ?"

ಅವನು ರಸ್ತೆ ನೋಡುತ್ತಲೇ ಹೇಳಿದ: "ಸೈಕಲ್ ಕೊಡಿಸಿದಾಗ ನಮ್ಮಮ್ಮ ಹ್ಯಾಂಡಲ್‌ಗೆ ಹಿಂಗೇ ಮೆತ್ತಿದ್ಲು. ಅವಳು ಹೋದ್ಮೇಲೆ ನಂದು ಅನ್ನೋ ಯಾವುದಕ್ಕೂ ಯಾರೂ ಬೊಟ್ಟಿಟ್ಟಿರ್ಲಿಲ್ಲ ಅತ್ತೆ. ಒರೆಸಕ್ಕೆ ಮನಸ್ಸು ಬರ್ಲಿಲ್ಲ."

"ಮುಂದಿನ ವರ್ಷ ಹಿಂದ್ಗಡೆ ಮರದ ಹಿಡೀಗೆ ಇಡ್ತೀನಿ. ತೆಪ್ಪಗೆ ಗೆಲ್ಲು" ಎಂದು ಗದರಿದೆ.

ಹಿಂದಿನ ಸೀಟಿನಿಂದ ಅವನ ನೀಲಿ ಭುಜದ ಮೇಲೆ ಕೈಯಿಟ್ಟೆ. ನೋಯುತ್ತಿದ್ದಿರಬೇಕು. ಮನೆ ಬರುವವರೆಗೂ ತೆಗೆಯಿರಿ ಎನ್ನಲಿಲ್ಲ.