ಮೂರು ಬೆರಳು ಗಿಡ್ಡವಾದ ಬಾಹು

ಟಕ್! ಟಕ್! ಟಕ್!

ರಾತ್ರಿ ಊಟಕ್ಕೆ ಕುಳಿತಿದ್ದ ಕೃಷ್ಣಮೋಹನ ಮಾಸ್ಟರರು ಊಟ ಬಿಟ್ಟು ಎದ್ದರು. ಬಾಗಿಲು ತೆರೆದರೆ ಜಗಲಿಯಲ್ಲಿ ನರಪಿಳ್ಳೆಯೂ ಇಲ್ಲ. ಹೊಸ್ತಿಲ ಮೇಲೆ ಬಾಳೆಲೆ ಮುಚ್ಚಿದ ತಟ್ಟೆ. ಅದರೊಳಗೆ ಬಿಸಿಬಿಸಿ ಜೀಗುಜ್ಜೆ ಪೋಡಿ, ಅಂದರೆ ದೀವಿಹಲಸಿನ ಬಜ್ಜಿ.

“ಪಕ್ಕದ ಮನೆ ಸುಂದರಣ್ಣನ ತಟ್ಟೆ. ಇಟ್ಟು ಓಡುದೆಂತಕ್ಕೆ?”

“ಅವರಲ್ಲಿಗೆ ನೆಂಟರು ಬಂದಿದ್ದಾರೆ, ಗಡಿಬಿಡಿ ಇರ್ತದೆ. ನೀವು ತಿಂದು ಮಲಗಿ ಮಾರಾಯ್ರೆ,” ಎಂದಳು ಹೆಂಡತಿ.

ಪೋಡಿಯೇನೋ ಇಳಿಯಿತು, ನಿದ್ದೆ ಇಳಿಯಲಿಲ್ಲ. ಮರುದಿನ ಕಡಬದ ಶಾಲೆಯಲ್ಲಿ ಅವರ ಪಾಠ ನೋಡಲು ಪರಿವೀಕ್ಷಕ ಮಹಾಬಲರು ಬರುವವರಿದ್ದರು. ಮೆಚ್ಚಿದರೆ ಕೆಲಸ ಖಾಯಂ. ಇಲ್ಲವಾದರೆ ಜೂನಿನಿಂದ ಮನೆಯೇ ಗತಿ. ಪಾಠ ತ್ರಿಭುಜಗಳದ್ದು. ಅದಕ್ಕೆಂದೇ ಮಾಸ್ಟರರು ಅಡಿಕೆ ಮರದ ಸಲಾಕೆಗಳಿಗೆ ಮೊಳೆ ಹೊಡೆದು, ಮೂರು ದೊಡ್ಡ ತ್ರಿಭುಜ ಮಾಡಿ ಜಗಲಿಗೆ ಒರಗಿಸಿದ್ದರು.

ನಸುಕಿನಲ್ಲೇ ಅವನ್ನು ಬೆಡ್‌ಶೀಟಿನಲ್ಲಿ ಸುತ್ತಿ ದರ್ಬೆ ಸ್ಟಾಪಿನಲ್ಲಿ ಬಸ್ಸು ಹತ್ತಿದರು.

“ಎಂತ ಮಾಸ್ಟ್ರೇ, ಕೋಳಿಗೂಡಾ?” ಎಂದ ಕಂಡಕ್ಟರ್.

“ತ್ರಿಭುಜ!”

“ಕೋಳಿಯಾದ್ರೆ ಅಡ್ಡಿ ಇರ್ಲಿಲ್ಲ. ಇದರ ಮೂಲೆ ಅಜ್ಜಿಯ ಪಕ್ಕೆಗೆ ಕುತ್ತುತ್ತಾ ಉಂಟು!”

ತರಗತಿಯಲ್ಲಿ ಬೆಡ್‌ಶೀಟು ಬಿಚ್ಚಿದ ಕೂಡಲೇ, ಹಿಂದಿನ ಬೆಂಚಿನಲ್ಲಿದ್ದ ಮಹಾಬಲರು ಯಾಕೋ ಕರವಸ್ತ್ರದಿಂದ ಕತ್ತು ಒರಸಿಕೊಂಡರು. ಲಂಬಕೋನ ತ್ರಿಭುಜ ಗೆದ್ದಿತು. ಸಮದ್ವಿಬಾಹುವೂ ಮಾನ ಉಳಿಸಿತು.

“ಇನ್ನು ಇದು ಸಮಬಾಹು. ಮೂರು ಬಾಹುಗಳೂ ಸಮ, ಆದ್ದರಿಂದ ಪ್ರತಿ ಕೋನವೂ ಅರವತ್ತು ಡಿಗ್ರಿ. ಪ್ರೀತಿಕಾ, ಬಂದು ಅಳೆ.”

ಅವಳು ಕೋನಮಾಪಕ ಇಟ್ಟಳು. “ಅರವತ್ತೆರಡು ಸರ್.”

“ಸರಿಯಾಗಿ ನೋಡು!”

“ಈಚೆಗೂ ಅರವತ್ತೆರಡು. ಮೇಲಿನದ್ದು ಐವತ್ತಾರು.”

ತರಗತಿ ಕಿಸಕ್ಕೆಂದಿತು. ಮಾಸ್ಟರರು ಬಗ್ಗಿ ನೋಡಿದರು. ತಳದ ಸಲಾಕೆ ಮುರಿದಿತ್ತು. ಯಾರೋ ತುಂಡುಗಳ ತುದಿಗಳನ್ನು ಒಂದರ ಮೇಲೊಂದಿಟ್ಟು, ತುಕ್ಕು ಮೊಳೆ ಜಡಿದು, ಮೂರು ಬೆರಳು ಗಿಡ್ಡ ಮಾಡಿದ್ದರು! ಬೆವರು ಗಾಣದೆಣ್ಣೆಯಂತೆ ಇಳಿಯಿತು.

“ಬಾಹು ಗಿಡ್ಡವಾದರೆ ಅದರ ಎದುರಿನ ಕೋನವೂ ಕಿರಿದಾಗುತ್ತದೆ ಮಕ್ಕಳೇ… ಹಾಗಾಗಿ ಇದು ಸಮದ್ವಿಬಾಹು…”

“ಅದನ್ನು ಆಗಲೇ ತೋರಿಸಿದಿರಿ. ಸಮಬಾಹು ಎಲ್ಲಿ?” ಮಹಾಬಲರ ದನಿ ಗಡುಸಾಯಿತು.

“ನಿನ್ನೆಯವರೆಗೆ ಇದೇ ಆಗಿತ್ತು ಸರ್.”

“ಮರವೂ ಟೊಳ್ಳು. ಸ್ವಲ್ಪ ಎಳೆದರೆ ಲಟಕ್ಕಂತ ಹೋಗ್ತದೆ,” ಎಂದವರೇ ‘ಪೂರ್ವಸಿದ್ಧತೆ ಸಾಲದು’ ಎಂದು ವರದಿ ಬರೆದು ಹೊರಟುಹೋದರು.

ಸಂಜೆ ಮಾಸ್ಟರರು ಬೆಂಕಿಯುಂಡೆಯಂತೆ ಸುಂದರನ ಅಂಗಳಕ್ಕೆ ನುಗ್ಗಿದರು. “ನನ್ನ ಸಲಾಕೆ ಮುರಿದದ್ದು ನೀವಾ?”

“ದೇವರಾಣೆ ನಾನಲ್ಲ ಮಾಸ್ಟ್ರೇ! ಮರದಿಂದ ಜೀಗುಜ್ಜೆ ಕೊಯ್ಲಿಕ್ಕೆ ದೋಟಿ ಕೋಲು ಎಟುಕಲಿಲ್ಲ. ನೆಂಟರೇ ನಿಮ್ಮ ಜಗಲಿಯಿಂದ ಸಲಾಕೆ ಬಿಚ್ಚಿ ದೋಟಿಗೆ ಕಟ್ಟಿದ್ದು. ಎಳೆಯುವಾಗ ಮುರೀತು. ಆಮೇಲೆ ಮೊಳೆ ಹೊಡೆದು ರಿಪೇರಿ ಮಾಡಿದ್ದೂ ಅವರೇ. ರಾತ್ರಿ ಟಕ್ ಟಕ್ ಅಂತ ನಿಮಗೆ ಕೇಳಿರ್ಬೇಕಲ್ಲ? ನೀವು ಏಳುವ ಸದ್ದಾಯ್ತು, ಪೋಡಿ ಅಲ್ಲೇ ಇಟ್ಟು ಇಬ್ಬರೂ ಓಡಿದ್ದು.”

“ಯಾರದು? ಹೆಸರು ಹೇಳಿ! ನಾಳೆಯೇ ಎಳ್ಕೊಂಡು ಹೋಗಿ ಪರಿವೀಕ್ಷಕರ ಮುಂದೆ ನಿಲ್ಲಿಸ್ತೇನೆ!”

ಸುಂದರ ತಲೆ ಕೆರೆದುಕೊಂಡ.

“ನನ್ನ ಭಾವ, ಮಹಾಬಲ.”